ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಮತ್ತು ಗಂಡಸಿನ ಹಾರ್ಮೋನುಗಳು



ಉಪನ್ಯಾಸದ ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಸಂಘಟಕರು ಹೇಳಿದಾಗ ನಾನು ಈ ವಿಷಯ ಕೊಟ್ಟೆ. ಹೆಂಗಸರು, ಮಕ್ಕಳು, ಹಿರಿಯರು ಎಲ್ಲ ಕೂತಿರುವ ಸಭೆಯಲ್ಲಿ ಇದನ್ನು ಮಾತಾಡಬಹುದೇ ಎಂದು ಕೆಲವರು ಹಿಂಜರಿದರು. ಮಾತಾಡಲೇಬೇಕು ಎಂಬುದು ನನ್ನ ನಿಲುವು. ಕಿಡ್ನಿ ಕಾಯಿಲೆ ಬಂದ ಮನೆಯಲ್ಲಿ ಉಪ್ಪಿನ ಮಾತು ಬರುತ್ತದೆ, ದಿನಕ್ಕೆಷ್ಟು ನೀರು ಎಂಬ ಲೆಕ್ಕ ಬರುತ್ತದೆ, ಕ್ರಿಯಾಟಿನಿನ್ ಎಷ್ಟಾಯಿತು ಎಂದು ನೆಂಟರೂ ವಿಚಾರಿಸುತ್ತಾರೆ. ಅದೇ ಕಾಯಿಲೆ ಗಂಡಸಿನ ವೃಷಣದ ಮೇಲೆ, ಅವನ ಹಾರ್ಮೋನುಗಳ ಮೇಲೆ, ಅವನಿಗೆ ಹುಟ್ಟಬಹುದಾದ ಮಕ್ಕಳ ಮೇಲೆ ಏನು ಮಾಡುತ್ತದೆ ಎಂಬುದನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಆಸ್ಪತ್ರೆಯಲ್ಲೂ ಬಹುಮಟ್ಟಿಗೆ ಎತ್ತುವುದಿಲ್ಲ. ಜಾಗತಿಕ ರೋಗಭಾರ ಅಧ್ಯಯನದ ಅಂದಾಜಿನಂತೆ 2017ರಲ್ಲಿ ಜಗತ್ತಿನ ಸುಮಾರು 70 ಕೋಟಿ ಜನರಿಗೆ ಈ ಕಾಯಿಲೆ ಇತ್ತು. ಭಾರತವೊಂದರಲ್ಲೇ 11 ಕೋಟಿಗೂ ಹೆಚ್ಚು. ಇಷ್ಟು ಮನೆಗಳ ಸಂಕಟ ಮುಜುಗರದ ಕಾರಣಕ್ಕೆ ಮುಚ್ಚಿಹೋಗಬಾರದು.

ಮೊದಲು ಆರೋಗ್ಯವಂತ ದೇಹದಲ್ಲಿ ಈ ವ್ಯವಸ್ಥೆ ನಡೆಯುವ ಬಗೆ ತಿಳಿಯೋಣ. 1849ರಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ತೋಲ್ಡ್ ಎಂಬ ವಿಜ್ಞಾನಿ ಹುಂಜದ ಮರಿಗಳ ಮೇಲೆ ಒಂದು ಪ್ರಯೋಗ ಮಾಡಿದ. ವೃಷಣ ತೆಗೆದ ಮರಿಗಳಿಗೆ ಜುಟ್ಟು ಬೆಳೆಯಲಿಲ್ಲ, ಅವು ಕೂಗಲಿಲ್ಲ, ಜಗಳಕ್ಕೂ ಹೋಗಲಿಲ್ಲ. ತೆಗೆದ ವೃಷಣವನ್ನು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಕೂರಿಸಿದ ಮರಿಗಳು ಮಾಮೂಲಿ ಹುಂಜಗಳಾಗಿ ಬೆಳೆದವು. ನರಗಳ ಹಳೆಯ ಸಂಬಂಧ ಕಡಿದುಹೋಗಿದ್ದರೂ ಕೆಲಸ ನಡೆಯಿತೆಂದರೆ ವೃಷಣವು ರಕ್ತಕ್ಕೇ ಏನನ್ನೋ ಬಿಡುತ್ತಿರಬೇಕು. ಆ 'ಏನೋ' ಕೈಗೆ ಸಿಕ್ಕಿದ್ದು 1935ರಲ್ಲಿ. ಆ್ಯಮ್‌ಸ್ಟರ್‌ಡ್ಯಾಮಿನ ಅರ್ನ್ಸ್ಟ್ ಲಾಕರ್ ಅವರ ತಂಡ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಟೆಸ್ಟೋಸ್ಟೆರಾನ್ ಎಂದು ಹೆಸರಿಟ್ಟಿತು. ವೃಷಣದ ಲೇಡಿಗ್ ಜೀವಕೋಶಗಳು ತಯಾರಿಸುವ ಈ ಹಾರ್ಮೋನಿಗೆ ಕಾಮಾಸಕ್ತಿಯ ಜೊತೆಗೆ ಬೇರೆ ಕೆಲಸಗಳೂ ಇವೆ. ಸ್ನಾಯುವಿನ ಬಲ, ಮೂಳೆಯ ಗಟ್ಟಿತನ, ರಕ್ತದ ಕೆಂಪುಕಣಗಳ ಉತ್ಪತ್ತಿ, ಮನಸ್ಸಿನ ಉತ್ಸಾಹ ಎಲ್ಲದರಲ್ಲೂ ಅದರ ಪಾಲಿದೆ.

ವೃಷಣ ತಾನಾಗಿ ಕೆಲಸ ಮಾಡುವುದಿಲ್ಲ. ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಮಿಡಿತವಾಗಿ ಬಿಡುತ್ತದೆ. ಆ ಮಿಡಿತ ತಲುಪಿದಾಗ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ಕಳಿಸುತ್ತದೆ. ಎಲ್‌ಎಚ್ ಲೇಡಿಗ್ ಕೋಶಗಳಿಂದ ಟೆಸ್ಟೋಸ್ಟೆರಾನ್ ಮಾಡಿಸುತ್ತದೆ. ಎಫ್‌ಎಸ್‌ಎಚ್ ಸರ್ಟೋಲಿ ಕೋಶಗಳ ಮೂಲಕ ವೀರ್ಯಾಣುಗಳ ಪೋಷಣೆ ನೋಡಿಕೊಳ್ಳುತ್ತದೆ. ಟೆಸ್ಟೋಸ್ಟೆರಾನ್ ಸಾಕಷ್ಟಾದಾಗ ಆ ಸುದ್ದಿ ಮೆದುಳಿಗೆ ತಲುಪಿ ಮೇಲಿನ ಆಜ್ಞೆ ತಗ್ಗುತ್ತದೆ. ಇಲ್ಲಿ ಮಿಡಿತ ಎಂಬುದು ಮುಖ್ಯ. ಪಿಟ್ಸ್‌ಬರ್ಗ್‌ನಲ್ಲಿ ಅರ್ನ್ಸ್ಟ್ ಕ್ನೋಬಿಲ್ ಮತ್ತು ಸಂಗಡಿಗರು 1970ರ ದಶಕದ ಕೊನೆಯಲ್ಲಿ ಕೋತಿಗಳಲ್ಲಿ ಇದನ್ನು ತೋರಿಸಿಕೊಟ್ಟರು. ಜಿಎನ್‌ಆರ್‌ಎಚ್ ಅನ್ನು ಬಿಟ್ಟು ಬಿಟ್ಟು ಕೊಟ್ಟರೆ ಪಿಟ್ಯುಟರಿ ಕೆಲಸ ಮಾಡುತ್ತದೆ. ಎಡೆಬಿಡದೆ ಕೊಟ್ಟರೆ ಸುಮ್ಮನಾಗಿಬಿಡುತ್ತದೆ.

ಈಗ ಮೂತ್ರಪಿಂಡದ ಕಡೆಗೆ ಬರೋಣ. ಅದರ ಕೆಲಸ ರಕ್ತ ಸೋಸಿ ಮೂತ್ರ ತಯಾರಿಸುವುದು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಹಾರ್ಮೋನುಗಳ ವಿಷಯದಲ್ಲಿ ಅದು ಇನ್ನೂ ಒಂದು ಕೆಲಸ ಮಾಡುತ್ತದೆ: ಕೆಲಸ ಮುಗಿಸಿದ ಎಷ್ಟೋ ಹಾರ್ಮೋನುಗಳನ್ನು ರಕ್ತದಿಂದ ತೆಗೆದು ಒಡೆದುಹಾಕುತ್ತದೆ. ಎಲ್‌ಎಚ್, ಪ್ರೊಲ್ಯಾಕ್ಟಿನ್ ಎರಡೂ ಆ ಸಾಲಿನಲ್ಲಿವೆ. ಮೂತ್ರಪಿಂಡದ ಸೋಸುವ ಶಕ್ತಿ ಕುಗ್ಗಿದಂತೆ ಇಡೀ ಸರಣಿ ಏಕಕಾಲಕ್ಕೆ ಹಲವು ಕಡೆ ಕೆಡಲು ಇದೇ ಒಂದು ದೊಡ್ಡ ಕಾರಣ.

ಡಯಾಲಿಸಿಸ್ ಹಂತಕ್ಕೆ ಬಂದ ಗಂಡಸಿನ ರಕ್ತಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕಾಣುವುದು ಹೀಗೆ: ಟೆಸ್ಟೋಸ್ಟೆರಾನ್ ಕಡಿಮೆ, ಎಲ್‌ಎಚ್ ಹೆಚ್ಚು, ಎಫ್‌ಎಸ್‌ಎಚ್ ಕೆಲವರಲ್ಲಿ ಹೆಚ್ಚು, ಪ್ರೊಲ್ಯಾಕ್ಟಿನ್ ಹೆಚ್ಚು. ಮೇಲುನೋಟಕ್ಕೆ ಇದು ವೃಷಣದ್ದೇ ದೋಷ, ಮೆದುಳು ತನ್ನ ಪಾಲಿನ ಆಜ್ಞೆಯನ್ನು ಜೋರಾಗಿಯೇ ಕೊಡುತ್ತಿದೆ ಎನಿಸುತ್ತದೆ. ಆ ತೀರ್ಮಾನ ಅರ್ಧ ಮಾತ್ರ ಸರಿ. ಗದ್ದೆಯಲ್ಲಿ ನೀರು ನಿಂತಿದೆ ಎಂದರೆ ಕಾಲುವೆಯಲ್ಲಿ ನೀರು ಚೆನ್ನಾಗಿ ಬರುತ್ತಿದೆ ಎಂದೇ ಆಗಬೇಕಿಲ್ಲ. ಬಸಿಗಾಲುವೆ ಕಟ್ಟಿಕೊಂಡಿದ್ದರೂ ನೀರು ನಿಲ್ಲುತ್ತದೆ. ಎಲ್‌ಎಚ್ ಹೆಚ್ಚು ಕಾಣುವುದರಲ್ಲಿ ಒಂದು ಪಾಲು ಮೂತ್ರಪಿಂಡ ಅದನ್ನು ತೆಗೆಯಲಾರದೆ ಉಳಿದದ್ದು. ಹೈಪೋಥಲಾಮಸ್‌ನ ಆಜ್ಞೆಯಂತೆ ಬರುವ ಎಲ್‌ಎಚ್ ಮಿಡಿತವನ್ನು ಅಳೆದು ನೋಡಿದರೆ ಅದರ ಎತ್ತರ ಕುಗ್ಗಿರುತ್ತದೆ, ಲಯ ಮಂಕಾಗಿರುತ್ತದೆ. ಟೆಸ್ಟೋಸ್ಟೆರಾನ್ ಅಷ್ಟು ಇಳಿದಿರುವಾಗ ಎಲ್‌ಎಚ್ ಎಷ್ಟು ಏರಬೇಕಿತ್ತೋ ಅಷ್ಟು ಏರಿರುವುದೂ ಇಲ್ಲ.

ಕೆಳಗಡೆ ವೃಷಣದ ಸ್ಥಿತಿಯೂ ಚೆನ್ನಾಗಿಲ್ಲ. ಎಲ್‌ಎಚ್‌ನಂತೆಯೇ ಕೆಲಸ ಮಾಡುವ ಎಚ್‌ಸಿಜಿ ಎಂಬ ಹಾರ್ಮೋನಿನ ಚುಚ್ಚುಮದ್ದು ಕೊಟ್ಟರೆ ಆರೋಗ್ಯವಂತನಲ್ಲಿ ಟೆಸ್ಟೋಸ್ಟೆರಾನ್ ಚೆನ್ನಾಗಿ ಏರುತ್ತದೆ. ಈ ರೋಗಿಗಳಲ್ಲಿ ಏರಿಕೆ ಮಂದ. ಆಜ್ಞೆ ತಲುಪಿದರೂ ಲೇಡಿಗ್ ಕೋಶ ಪೂರ್ತಿ ಓಗೊಡುವುದಿಲ್ಲ. ಯಾಕೆ ಎಂಬುದಕ್ಕೆ ಒಂದು ಸುಳಿವು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಕ್ಕಿತು. ಮೂತ್ರಪಿಂಡ ಸೋತ ಹುಡುಗರ ರಕ್ತದಲ್ಲಿ ಎಲ್‌ಎಚ್ ಕೂರುವ ಗ್ರಾಹಿಯನ್ನು ತಡೆಯುವ ವಸ್ತುವೊಂದು ಸೇರಿಕೊಂಡಿತ್ತು. ಸೋಸುವ ಶಕ್ತಿ ಕುಸಿದಷ್ಟೂ ಅದರ ತಡೆ ಹೆಚ್ಚು. ಮೂತ್ರಪಿಂಡದ ಕಸಿಯ ನಂತರ ಅದು ಇಳಿಯುತ್ತಿತ್ತು. ಈ ಕಾಯಿಲೆ ಬಂದ ಹುಡುಗರಲ್ಲಿ ಮೀಸೆ ಮೂಡುವುದು, ದನಿ ಒಡೆಯುವುದು ತಡವಾಗುವುದರ ಹಿಂದೆ ಇಂಥ ಕಾರಣಗಳಿವೆ.

ಪ್ರೊಲ್ಯಾಕ್ಟಿನ್ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಇಲ್ಲಿ ನಮ್ಮ ಕೈಯಲ್ಲೇ ಸರಿಪಡಿಸಬಹುದಾದ ಒಂದು ಅಂಶವಿದೆ. ಎದೆಹಾಲಿಗೆ ಸಂಬಂಧಿಸಿದ ಈ ಹಾರ್ಮೋನು ಗಂಡಸಿನಲ್ಲೂ ಇರುತ್ತದೆ. ಹೆಚ್ಚಾದರೆ ಹೈಪೋಥಲಾಮಸ್‌ನ ಮಿಡಿತವನ್ನೇ ಅದುಮುತ್ತದೆ. ಕಿಡ್ನಿ ಸೋತಾಗ ಅದು ಹೊರಹೋಗುವುದು ಕಡಿಮೆ, ಉತ್ಪತ್ತಿಯೂ ಹೆಚ್ಚು. ಅದು ಸಾಲದೆಂಬಂತೆ ನಾವು ವೈದ್ಯರೂ ಅದನ್ನು ಏರಿಸುವ ಔಷಧಿ ಕೊಡುತ್ತೇವೆ. ಕಿಡ್ನಿ ರೋಗಿಗಳಿಗೆ ವಾಕರಿಕೆ, ಹೊಟ್ಟೆಯುಬ್ಬರ ಮಾಮೂಲು. ಅದಕ್ಕೆ ಕೊಡುವ ಡೋಮ್‌ಪೆರಿಡೋನ್, ಮೆಟೊಕ್ಲೊಪ್ರಮೈಡ್ ಎರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಗ್ಯಾಸ್ಟ್ರಿಕ್ ಮಾತ್ರೆ ಎಂದು ಜನ ಮೆಡಿಕಲ್ ಶಾಪಿನಿಂದ ತಾವೇ ತಂದು ತಿಂಗಳಾನುಗಟ್ಟಲೆ ನುಂಗುವ ಎಷ್ಟೋ ಕ್ಯಾಪ್ಸೂಲುಗಳಲ್ಲಿ ಡೋಮ್‌ಪೆರಿಡೋನ್ ಬೆರೆತಿರುತ್ತದೆ. ರೋಗಿ ಬಂದಾಗ ಅವನ ಮಾತ್ರೆಗಳ ಚೀಲವನ್ನು ಮೇಜಿನ ಮೇಲೆ ಸುರಿಸಿ ಒಂದೊಂದನ್ನೂ ನೋಡುವುದು ದುಬಾರಿ ಪರೀಕ್ಷೆಗಿಂತ ಮೊದಲು ಆಗಬೇಕಾದ ಕೆಲಸ. ಪ್ರೊಲ್ಯಾಕ್ಟಿನ್ ತೀರಾ ಹೆಚ್ಚಿದ್ದರೆ ಅದನ್ನು ಕಿಡ್ನಿಯ ಲೆಕ್ಕಕ್ಕೆ ಬರೆದು ಸುಮ್ಮನಾಗದೆ ಪಿಟ್ಯುಟರಿಯಲ್ಲಿ ಗಡ್ಡೆ ಇದೆಯೇ ಎಂದೂ ನೋಡಬೇಕು.

ಇಷ್ಟೆಲ್ಲ ನಡೆಯುವಾಗ ಮನುಷ್ಯನಿಗೆ ಏನನ್ನಿಸುತ್ತದೆ? ನಿತ್ರಾಣ. ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತದೆ, ತೋಳು ತೊಡೆ ಬಡವಾಗುತ್ತವೆ, ಯಾವುದರಲ್ಲೂ ಮನಸ್ಸಿಲ್ಲ, ಹೆಂಡತಿಯ ಹತ್ತಿರ ಹೋಗಬೇಕು ಎನಿಸುವುದಿಲ್ಲ. ಕೆಲವರಲ್ಲಿ ಎದೆಯ ಭಾಗ ಉಬ್ಬಿ ನೋಯುತ್ತದೆ. ಯುವಕರು ಅದನ್ನು ಸಡಿಲ ಅಂಗಿಯಲ್ಲಿ ಮುಚ್ಚಿಕೊಂಡು ಓಡಾಡುತ್ತಾರೆ, ಕ್ಯಾನ್ಸರ್ ಎಂದು ಒಳಗೇ ಹೆದರಿರುತ್ತಾರೆ. ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆಯೂ ಹೀಗೆ ಮಾಡಬಲ್ಲದು. ಇವೆಲ್ಲ ಡಯಾಲಿಸಿಸ್ ಶುರುವಾದ ಮೇಲೆ ಹಠಾತ್ತಾಗಿ ಬರುವಂಥವಲ್ಲ, ಸೋಸುವ ಶಕ್ತಿ ಕುಸಿಯತೊಡಗಿದ ನಡುವಿನ ಹಂತದಲ್ಲೇ ಮೊಳೆತಿರುತ್ತವೆ. ಡಯಾಲಿಸಿಸ್ ಯಂತ್ರ ಗಂಡಸ್ತನವನ್ನು ತೊಳೆದುಹಾಕುತ್ತದೆ ಎಂಬ ಭಯ ನಮ್ಮ ಊರುಗಳಲ್ಲಿದೆ. ಆ ಭಯದಿಂದ ಡಯಾಲಿಸಿಸ್ ಮುಂದೂಡಬೇಡಿ. ರಕ್ತದಲ್ಲಿರುವ ಟೆಸ್ಟೋಸ್ಟೆರಾನ್‌ನಲ್ಲಿ ಬಹುಪಾಲು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಯಂತ್ರದ ಜಾಲರಿಯಲ್ಲಿ ಅದು ಸೋರಿಹೋಗುವುದು ಅತ್ಯಲ್ಪ. ಕೊರತೆ ತಯಾರಿಕೆಯಲ್ಲಿದೆ.

ಈ ಕೊರತೆಗೂ ಆಯುಷ್ಯಕ್ಕೂ ನಂಟಿದೆಯೇ? 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಡಯಾಲಿಸಿಸ್‌ನಲ್ಲಿದ್ದ 126 ಗಂಡಸರ ಅಧ್ಯಯನ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 44 ಮಂದಿಗೆ ಟೆಸ್ಟೋಸ್ಟೆರಾನ್ ಸ್ಪಷ್ಟವಾಗಿ ಕಡಿಮೆ, ಇನ್ನೂ 33 ಮಂದಿಗೆ ಅಂಚಿನಲ್ಲಿತ್ತು. ತೀರಾ ಕಡಿಮೆ ಇದ್ದವರ ಗುಂಪಿನಲ್ಲಿ ಸಾವು ಹೆಚ್ಚು. ಆದರೆ ಸ್ನಾಯುವಿನ ಪ್ರಮಾಣವನ್ನು ಸೂಚಿಸುವ ಕ್ರಿಯಾಟಿನಿನ್ ಅನ್ನು ಲೆಕ್ಕಕ್ಕೆ ತಂದುಕೊಂಡಾಗ ಆ ಸಂಬಂಧ ಕರಗಿಹೋಯಿತು. ಇದನ್ನು ನಾನು ಎರಡು ರೀತಿ ಓದುತ್ತೇನೆ. ಹಾರ್ಮೋನು ಕುಗ್ಗಿ, ಅದರಿಂದ ಸ್ನಾಯು ಕರಗಿ, ಅದರಿಂದ ಜೀವಕ್ಕೆ ಅಪಾಯ ಎಂಬ ದಾರಿ ಇರಬಹುದು. ಅಥವಾ ಕಾಯಿಲೆ ಬಲಿತಿರುವುದರ ಗುರುತಾಗಿ ಎರಡೂ ಒಟ್ಟಿಗೆ ಇಳಿದಿರಬಹುದು. ಹಾರ್ಮೋನು ಚುಚ್ಚಿದರೆ ಆಯುಷ್ಯ ಹೆಚ್ಚುತ್ತದೆ ಎಂದು ಈ ಅಧ್ಯಯನ ಹೇಳುವುದಿಲ್ಲ. ಹಾಗೆ ಯಾರಾದರೂ ಹೇಳಿ ಮಾರಲು ಬಂದರೆ ನಂಬಬೇಡಿ.

ಇನ್ನೊಂದು ಗೊಂದಲ ಬಿಡಿಸಬೇಕು. ಕಾಮಾಸಕ್ತಿ ಕುಂದುವುದು ಬೇರೆ, ನಿಮಿರುವಿಕೆಯ ತೊಂದರೆ ಬೇರೆ, ವೀರ್ಯಾಣು ಕಡಿಮೆಯಾಗುವುದು ಬೇರೆ. ಮೂರನ್ನೂ ಜನ ಒಂದೇ ಮಾತಿನಲ್ಲಿ 'ವೀಕ್ನೆಸ್' ಎನ್ನುತ್ತಾರೆ. ದೀರ್ಘಕಾಲದ ಕಿಡ್ನಿ ಕಾಯಿಲೆಯ ಗಂಡಸರಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿಗೆ ನಿಮಿರುವಿಕೆಯ ತೊಂದರೆ ಇದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2010ರ ವಿಶ್ಲೇಷಣೆ ಹೇಳುತ್ತದೆ. ಅದರಲ್ಲಿ ಹಾರ್ಮೋನಿನ ಪಾತ್ರ ಒಂದು ಭಾಗ ಮಾತ್ರ. ಶುಗರ್‌ನಿಂದ ಹಾಳಾದ ನರಗಳು, ಗಟ್ಟಿಯಾದ ರಕ್ತನಾಳಗಳು, ರಕ್ತಹೀನತೆ, ಬಿಪಿಯ ಕೆಲವು ಮಾತ್ರೆಗಳು, ಸಾಲದ ಚಿಂತೆ, ಖಿನ್ನತೆ ಎಲ್ಲ ಸೇರಿರುತ್ತವೆ. ಹಾಗಾಗಿ ಟೆಸ್ಟೋಸ್ಟೆರಾನ್ ಸರಿಯಾದ ಮೇಲೂ ತೊಂದರೆ ಉಳಿಯಬಹುದು. ಸಿಲ್ಡೆನಾಫಿಲ್‌ನಂಥ ಮಾತ್ರೆ ಇವರಲ್ಲೂ ಕೆಲಸ ಮಾಡುತ್ತದೆ, ಆದರೆ ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಅದನ್ನು ಮುಟ್ಟಲೇಬಾರದು. ಡಯಾಲಿಸಿಸ್ ಆದ ದಿನ ಬಿಪಿ ಇಳಿದಿರುವುದರಿಂದ ಉಳಿದವರೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ವೀರ್ಯಾಣುವಿನ ವಿಷಯ ಮನೆಯಲ್ಲಿ ಬೇರೆ ರೂಪ ಪಡೆಯುತ್ತದೆ. ಕಾಯಿಲೆ ಬಲಿತಾಗ ಅವುಗಳ ಸಂಖ್ಯೆ, ಚಲನೆ ಎರಡೂ ಇಳಿಯುತ್ತವೆ. ಕೆಲವರಲ್ಲಿ ಒಂದೂ ಇರುವುದಿಲ್ಲ. ಮಕ್ಕಳಾಗದಿದ್ದಾಗ ಮಾತು ಕೇಳುವವಳು ಮಾತ್ರ ಹೆಂಡತಿ. ಗಂಡನಿಗೆ ಕಿಡ್ನಿ ಕಾಯಿಲೆ ಇದೆ ಎಂಬುದು ಮನೆಯವರಿಗೆಲ್ಲ ಗೊತ್ತಿದ್ದರೂ ಹರಕೆ, ಪೂಜೆ, ಪರೀಕ್ಷೆ ಎಲ್ಲ ಅವಳ ಪಾಲಿಗೇ. ನಮ್ಮ ದೇಶದಲ್ಲಿ ಜೀವಂತವಾಗಿ ಕಿಡ್ನಿ ಕೊಡುವವರಲ್ಲಿ ಹೆಂಗಸರೇ ಹೆಚ್ಚು ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಗಂಡನ ಕಾಯಿಲೆಯ ಈ ಮುಖವನ್ನು ಆಕೆಗೆ ತಿಳಿಸಿ ಹೇಳುವುದು ವೈದ್ಯರ ಕರ್ತವ್ಯದ ಭಾಗ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಚಿಕಿತ್ಸೆಗೆ ಬರೋಣ. ಡಯಾಲಿಸಿಸ್ ಸಾಕಷ್ಟು ಆಗುತ್ತಿರಬೇಕು. ವಾರಕ್ಕೆ ಮೂರು ಸಲ ಬೇಕಾದವರು ಖರ್ಚಿನ ಕಾರಣಕ್ಕೆ ಎರಡೇ ಸಲ ಮಾಡಿಸಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ, ಅದು ಎಲ್ಲವನ್ನೂ ಕೆಡಿಸುತ್ತದೆ. ಸಾಕಷ್ಟಾದರೂ ಹಾರ್ಮೋನುಗಳು ಪೂರ್ತಿ ಸರಿಹೋಗುವುದಿಲ್ಲ. ರಕ್ತಹೀನತೆ ಸರಿಪಡಿಸಿದರೆ ಲವಲವಿಕೆ ಮರಳುತ್ತದೆ. ಅದಕ್ಕೆ ಕೊಡುವ ಎರಿತ್ರೊಪೊಯೆಟಿನ್ ಚುಚ್ಚುಮದ್ದಿನ ನಂತರ ಪ್ರೊಲ್ಯಾಕ್ಟಿನ್ ಇಳಿದದ್ದನ್ನು ಕೆಲವು ಅಧ್ಯಯನಗಳು ಕಂಡಿವೆ. 1989ರಲ್ಲಿ ಆ ಚುಚ್ಚುಮದ್ದು ಬರುವ ಮೊದಲು ರಕ್ತ ಹೆಚ್ಚಿಸಲು ಟೆಸ್ಟೋಸ್ಟೆರಾನ್‌ನ ನಂಟಿನದೇ ಆದ ನ್ಯಾಂಡ್ರೊಲೋನ್ ಕೊಡುತ್ತಿದ್ದರು. ಹಿರಿಯ ವೈದ್ಯರಿಗೆ ಡೆಕಾ-ಡ್ಯುರಾಬೋಲಿನ್ ಎಂದರೆ ನೆನಪಾದೀತು. ಸತುವಿನ ಮಾತ್ರೆಯ ಬಗ್ಗೆ 1970ರ ದಶಕದಿಂದ ಉತ್ಸಾಹವಿತ್ತು, ಫಲಿತಾಂಶಗಳು ಒಂದೇ ರೀತಿ ಬರಲಿಲ್ಲ. ಬ್ರೋಮೊಕ್ರಿಪ್ಟಿನ್ ಪ್ರೊಲ್ಯಾಕ್ಟಿನ್ ಅನ್ನು ಇಳಿಸುತ್ತದೆ, ತಲೆಸುತ್ತು ತರುತ್ತದೆ, ಲೈಂಗಿಕ ಬದುಕು ಸುಧಾರಿಸುವುದು ಎಲ್ಲರಲ್ಲೂ ಅಲ್ಲ.

ಟೆಸ್ಟೋಸ್ಟೆರಾನ್ ಅನ್ನೇ ಹೊರಗಿನಿಂದ ಕೊಟ್ಟರೆ? ಕೊರತೆ ಖಚಿತವಾದವರಿಗೆ, ಲಕ್ಷಣಗಳಿರುವವರಿಗೆ, ತಜ್ಞರ ಕಣ್ಗಾವಲಿನಲ್ಲಿ ಕೊಡಬಹುದು. ಆದರೆ ಅದಕ್ಕೆ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ನಿಮಗೆ ಮಕ್ಕಳು ಬೇಕೇ? ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಮೆದುಳು ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ನಿಲ್ಲಿಸುತ್ತದೆ, ವೀರ್ಯಾಣು ಉತ್ಪತ್ತಿ ಬಿದ್ದುಹೋಗುತ್ತದೆ. ಇದು ಎಷ್ಟು ಖಾತ್ರಿ ಎಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಕಾರ್ಯತಂಡವೊಂದು ವಾರಕ್ಕೊಂದು ಟೆಸ್ಟೋಸ್ಟೆರಾನ್ ಚುಚ್ಚುಮದ್ದನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿ 1990ರಲ್ಲಿ ವರದಿ ಪ್ರಕಟಿಸಿತು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ವೀರ್ಯಾಣು ಸಂಪೂರ್ಣ ಇಲ್ಲವಾಗಿತ್ತು. ಶಕ್ತಿ ಬರಲಿ ಎಂದು ಕೊಟ್ಟ ಮದ್ದು ತಂದೆಯಾಗುವ ಅವಕಾಶವನ್ನು ಕಸಿಯಬಾರದು. 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಎಂಬ ದೊಡ್ಡ ಪ್ರಯೋಗದಲ್ಲಿ ಟೆಸ್ಟೋಸ್ಟೆರಾನ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಹೆಚ್ಚಾಗಲಿಲ್ಲ ಎಂಬ ಸಮಾಧಾನ ಸಿಕ್ಕಿತು. ಅದೇ ಪ್ರಯೋಗದಲ್ಲಿ ಹೃದಯದ ಲಯ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಮೂತ್ರಪಿಂಡಕ್ಕೆ ಹಠಾತ್ ಪೆಟ್ಟು ಬೀಳುವುದು ತುಸು ಹೆಚ್ಚು ಕಂಡವು. ಕಿಡ್ನಿ ಸೋತವರು ಎರಡನ್ನೂ ತೂಗಿ ನೋಡಬೇಕು.

ಇಲ್ಲಿ ಒಂದು ಕಟುವಾದ ಮಾತು. ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ ಪುರುಷತ್ವ ಮರಳಿಸುತ್ತೇವೆ ಎಂಬ ಜಾಹೀರಾತುಗಳಿವೆ. ವೈದ್ಯರ ಬಳಿ ಬಾಯಿ ಬಿಡಲಾರದವನು ಅಲ್ಲಿಗೆ ಹೋಗುತ್ತಾನೆ. 2022ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ವೈದ್ಯರು ಒಂದು ಬಗೆಯ ಮೂತ್ರಪಿಂಡದ ಕಾಯಿಲೆಗೂ ರೋಗಿಗಳು ಸೇವಿಸಿದ್ದ ಸಾಂಪ್ರದಾಯಿಕ ಔಷಧಗಳಿಗೂ ಇರುವ ನಂಟನ್ನು ವರದಿ ಮಾಡಿದರು. ಅಂಥ ಔಷಧಗಳಲ್ಲಿ ಪಾದರಸ ಸಿಕ್ಕಿತ್ತು. ಎಲ್ಲ ದೇಶೀ ಔಷಧವೂ ವಿಷ ಎಂದು ನಾನು ಹೇಳುತ್ತಿಲ್ಲ. ಒಳಗೇನಿದೆ ಎಂದು ಬರೆಯದ ಪುಡಿಯನ್ನು, ಭಸ್ಮವನ್ನು ಕಿಡ್ನಿ ರೋಗಿ ನುಂಗಬಾರದು. ಜಿಮ್ಮಿನಲ್ಲಿ ಸಿಗುವ ಸ್ಟೆರಾಯ್ಡ್ ಚುಚ್ಚುಮದ್ದೂ ಅಷ್ಟೇ ಅಪಾಯಕಾರಿ. ವರ್ಷಗಟ್ಟಲೆ ಅದನ್ನು ತೆಗೆದುಕೊಂಡ ಹತ್ತು ಮಂದಿ ದೇಹದಾರ್ಢ್ಯಪಟುಗಳ ಕಿಡ್ನಿಯ ಸೋಸುಗಂಟುಗಳು ಹಾಳಾಗಿದ್ದನ್ನು ಅಮೆರಿಕದ ವೈದ್ಯರು 2010ರಲ್ಲಿ ದಾಖಲಿಸಿದ್ದಾರೆ.

ಕೊನೆಗೆ ಕಸಿ. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಅವರು ರೊನಾಲ್ಡ್ ಹೆರಿಕ್ ಕೊಟ್ಟ ಕಿಡ್ನಿಯನ್ನು ಅವಳಿ ಸಹೋದರ ರಿಚರ್ಡ್‌ಗೆ ಜೋಡಿಸಿದರು. ಜಗತ್ತಿನ ಮೊದಲ ಯಶಸ್ವಿ ಕಸಿ ಎಂದು ಅದನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಮುಖ್ಯವೆನಿಸುವುದು ಮುಂದಿನದು: ಸಾವಿನ ಅಂಚಿನಲ್ಲಿದ್ದ ರಿಚರ್ಡ್ ಚೇತರಿಸಿಕೊಂಡು, ತನ್ನ ಆರೈಕೆ ಮಾಡಿದ ದಾದಿಯನ್ನೇ ಮದುವೆಯಾಗಿ, ಎರಡು ಮಕ್ಕಳ ತಂದೆಯಾದ. 1963ರಲ್ಲಿ ತೀರಿಕೊಳ್ಳುವವರೆಗೆ ಸಂಸಾರ ನಡೆಸಿದ. ಕಸಿಯಾದ ಕಿಡ್ನಿ ಚೆನ್ನಾಗಿ ಕೆಲಸ ಮಾಡಿದರೆ ಪ್ರೊಲ್ಯಾಕ್ಟಿನ್ ಬೇಗ ಇಳಿಯುತ್ತದೆ, ಕೆಲವು ತಿಂಗಳಲ್ಲಿ ಟೆಸ್ಟೋಸ್ಟೆರಾನ್ ಏರುತ್ತದೆ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹತ್ತಿರ ಬೇಕಾಗುವುದರಿಂದ ಅಲ್ಲಿ ತಾಳ್ಮೆ ಬೇಕು; ಎಲ್ಲರಿಗೂ ಪೂರ್ತಿ ಮರಳುವುದೂ ಇಲ್ಲ. ಕಸಿಗೆ ಮೊದಲೇ ಎಫ್‌ಎಸ್‌ಎಚ್ ತುಂಬ ಹೆಚ್ಚಿದ್ದರೆ ವೀರ್ಯಾಣು ಹುಟ್ಟುವ ಪದರವೇ ಸವೆದಿರುವ ಸಾಧ್ಯತೆ ಹೆಚ್ಚು. ಕಸಿಯ ನಂತರ ಕೊಡುವ ಸಿರೋಲಿಮಸ್ ಎಂಬ ಮಾತ್ರೆ ಟೆಸ್ಟೋಸ್ಟೆರಾನ್ ಮತ್ತು ವೀರ್ಯಾಣು ಎರಡನ್ನೂ ತಗ್ಗಿಸುತ್ತದೆ. ಮಕ್ಕಳು ಬೇಕೆನ್ನುವವರು ಅದನ್ನು ಮೊದಲೇ ಹೇಳಿದರೆ ಬೇರೆ ಔಷಧಿಯ ಯೋಚನೆ ಮಾಡಬಹುದು. ತಾವಾಗಿ ನಿಲ್ಲಿಸಿದರೆ ಕಿಡ್ನಿಯೇ ಹೋಗುತ್ತದೆ.

ಕಸಿಯ ಹಂತಕ್ಕೂ ಎಷ್ಟೋ ವರ್ಷ ಮೊದಲು, ಲೂಪಸ್‌ನಂಥ ಕಾಯಿಲೆಯಿಂದ ಕಿಡ್ನಿಗೆ ಉರಿಯೂತ ಬಂದಾಗ ಸೈಕ್ಲೊಫಾಸ್ಫಮೈಡ್ ಕೊಡುತ್ತೇವೆ. ಅದು ಜೀವ ಉಳಿಸುವ ಮದ್ದು, ಆದರೆ ಪ್ರಮಾಣ ಹೆಚ್ಚಾದಂತೆ ವೀರ್ಯಾಣು ಉತ್ಪತ್ತಿಯನ್ನು ಶಾಶ್ವತವಾಗಿ ಕೆಡಿಸಬಲ್ಲದು. ಮೊದಲ ಬಾಟಲಿ ಏರಿಸುವ ಮುನ್ನ ವೀರ್ಯಾಣುವನ್ನು ಶೈತ್ಯಾಗಾರದಲ್ಲಿ ಕಾದಿರಿಸಬಹುದು. ಇಪ್ಪತ್ತರ ಹುಡುಗನೂ ಅವನ ಅಪ್ಪ ಅಮ್ಮನೂ ಆ ಗಾಬರಿಯ ಗಳಿಗೆಯಲ್ಲಿ ಇದನ್ನು ತಾವಾಗಿ ಕೇಳುವುದಿಲ್ಲ. ಹೇಳಬೇಕಾದವರು ನಾವು, ಅವತ್ತೇ.

ತಾಲ್ಲೂಕು ಆಸ್ಪತ್ರೆಗಳಲ್ಲೂ ಈಗ ಡಯಾಲಿಸಿಸ್ ಸಿಗುತ್ತಿದೆ, ದೊಡ್ಡ ವಿಷಯ. ಆದರೆ ಮಂಚಗಳು ಸಾಲಾಗಿವೆ, ನಡುವೆ ಪರದೆಯಿಲ್ಲ, ಪಕ್ಕದವನಿಗೆ ಕೇಳಿಸುವಂತೆ ತನ್ನ ದಾಂಪತ್ಯದ ಮಾತನ್ನು ಯಾರು ಆಡಿಯಾರು? ಬಾಗಿಲು ಮುಚ್ಚಬಹುದಾದ ಒಂದು ಚಿಕ್ಕ ಕೋಣೆ ಬೇಕು. ತಿಂಗಳ ತಪಾಸಣೆಯ ಹಾಳೆಯಲ್ಲಿ ಹಿಮೋಗ್ಲೋಬಿನ್, ಪೊಟ್ಯಾಸಿಯಮ್ ಸಾಲುಗಳ ಕೆಳಗೆ ದಾಂಪತ್ಯದ ಈ ಪ್ರಶ್ನೆಗೂ ಒಂದು ಸಾಲು ಬೇಕು, ಕೇಳುವ ಹೊಣೆ ವೈದ್ಯರದ್ದಾಗಬೇಕು. ಟೆಸ್ಟೋಸ್ಟೆರಾನ್ ಪರೀಕ್ಷೆ ಕಷ್ಟದ್ದಲ್ಲ: ಬೆಳಿಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ದಿನ ತೆಗೆದ ರಕ್ತ. ಸಂಜೆ ತೆಗೆದ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸಹಜವಾಗಿಯೇ ಇಳಿದಿರುತ್ತದೆ, ಅದನ್ನು ನೋಡಿ ಯಾರಿಗೂ ಚಿಕಿತ್ಸೆ ಶುರು ಮಾಡಬಾರದು.

ಈಗ ನಿಮ್ಮ ಪ್ರಶ್ನೆಗಳು. ಎದ್ದು ನಿಂತು ಕೇಳಲು ಸಂಕೋಚವಾದವರಿಗೆ ಹಿಂದಿನ ಸಾಲಿನಿಂದ ಚೀಟಿ ಹಂಚುತ್ತಾರೆ. ಹೆಸರು ಬರೆಯುವುದು ಬೇಡ.